ಅವ್ವನ ಮೈ, ಮಾಳವ್ವನ ಕೈ

ಹೋದ ವಾರ ಬೀದರಿನಲ್ಲಿ ನಮ್ಮ ಓಣಿಯ ತುದಿಗಿರುವ ಗಿರಣಿಗೆ ಹುರಳಿ ಒಯ್ದಿದ್ದೆ. ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ನನ್ನ ದವಾಖಾನೆಗೆ ಹುರಳಿ ಹಿಟ್ಟು ಬೇಕೇ ಬೇಕು. ಗಿರಣಿಯ ಚಾಚಾ ಪ್ರತಿ ವರ್ಷದಂತೆ ಈ ಸಲವೂ, ಮನೆಯಲ್ಲಿ ಕುದುರೆ ಕಟ್ಟಿದ್ದೀರೇನು ಎಂದು ಕೇಳಿದರು. ನಾನು ನಕ್ಕು ಬಾಗಿಲಲ್ಲಿ ನಿಂತೆ. ಹುರಿದ ಹುರಳಿ ಕಲ್ಲಿಗೆ ಸಿಕ್ಕು ಹಿಟ್ಟಾಗಿ ಡಬ್ಬಿಗೆ ಬೀಳತೊಡಗಿದಾಗ ಅದರ ಬಿಸಿ, ಒರಟು ವಾಸನೆ ಮೂಗಿಗೆ ಹತ್ತಿತು. ಔರಾದಿನ ಬಾಡಿಗೆ ಮನೆ, ಅಲ್ಲಿ ಕಳೆದ ಒಂದು ವಸಂತ, ಆ ವಸಂತದಲ್ಲಿ ನಾನು ಪಟ್ಟ ಹೊಟ್ಟೆಕಿಚ್ಚು ಎಲ್ಲ ಒಟ್ಟಿಗೇ ನೆನಪಾದವು. ಹನ್ನೊಂದು ವರ್ಷವಾಗಿದೆ. ಇದನ್ನು ಯಾರಿಗೂ ಪೂರ್ತಿ ಹೇಳಿಲ್ಲ.

ನಮ್ಮದು ಭಾಲ್ಕಿ ತಾಲ್ಲೂಕಿನ ಭಾತಂಬ್ರಾ. ಊರಿನ ಬುದ್ಧ ವಿಹಾರದ ಎದುರಿನ ಓಣಿಯಲ್ಲಿ ನಮ್ಮ ಮನೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ಅವ್ವ ತೊಗರಿ, ಕಡಲೆ, ಜೋಳ ಎನ್ನದೆ ಬೇರೆಯವರ ಹೊಲಗಳಲ್ಲಿ ದುಡಿದು ಮಗಳಾದ ನನ್ನನ್ನು ಓದಿಸಿದಳು. ಬೀದರಿನಲ್ಲಿ ಆಯುರ್ವೇದ ಓದಿ ಮುಗಿಸಿದ ಮೇಲೆ ಔರಾದಿಗೆ ಹೋಗಿ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಮನೆ ಹಿಡಿದು ದವಾಖಾನೆ ತೆರೆದೆ. ಮುಂದಿನ ಖೋಲಿಯಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ನಡುಮನೆಯಲ್ಲಿ ನನ್ನ ವಾಸ. ಹಿಂದಿನ ಖೋಲಿಯಲ್ಲಿ ಒಂದು ಕಟ್ಟಿಗೆಯ ಮಂಚ ಹಾಕಿ, ಹೆಣ್ಣುಮಕ್ಕಳಿಗೆ ಎಣ್ಣೆ ಹಚ್ಚುವುದಕ್ಕೆ, ಪುಡಿ ತಿಕ್ಕುವುದಕ್ಕೆ ಇಟ್ಟುಕೊಂಡಿದ್ದೆ.

ಮಾಳವ್ವ ನನ್ನ ಬಳಿ ಬಂದದ್ದು ಕಸ ಹೊಡೆಯುವ ಕೆಲಸಕ್ಕೆ. ಚಿಂತಾಕಿಯವಳು. ಅವರದು ಕುರಿ ಸಾಕುವ ಮನೆ. ಗಂಡ ಮತ್ತು ಮೈದುನ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗಿರುತ್ತಿದ್ದರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು, ಅವ್ವನಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಎತ್ತರದ ಹೆಂಗಸು, ಮಾತು ಕಡಿಮೆ. ಉಣ್ಣೆ ನೂತು, ಹಾಲು ಕರೆದು ಅವಳ ಅಂಗೈ ಅಗಲವಾಗಿತ್ತು, ಬೆರಳುಗಳಿಗೆ ಬಲವಿತ್ತು. ಒಂದು ದಿನ ನನಗೆ ಕೈ ಸಾಲದೆ ಅವಳನ್ನೇ ಕರೆದು, ಹುರಳಿ ಹಿಟ್ಟು, ತ್ರಿಫಲಾ ಪುಡಿ ಬೆರೆಸಿ ಒಣದಾಗಿ ಮೈಗೆ ತಿಕ್ಕುವುದನ್ನು ತೋರಿಸಿದೆ. ಕೆಳಗಿನಿಂದ ಮೇಲಕ್ಕೆ, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ಒಂದೇ ಒತ್ತಡದಲ್ಲಿ. ನನಗೆ ಅದನ್ನು ಕಲಿಯಲು ಒಂದು ವರ್ಷ ಹಿಡಿದಿತ್ತು. ಅವಳು ಒಂದು ವಾರದಲ್ಲಿ ಕಲಿತಳು. ಆಗ ಅದು ನನಗೆ ಖುಷಿಯ ಸಂಗತಿಯೇ ಆಗಿತ್ತು. ನಾನು ಕಲಿಸಿದ್ದೆನಲ್ಲ.

ಆ ವರ್ಷ ಮಾಘ ಮುಗಿಯುವ ಹೊತ್ತಿಗೆ ಅವ್ವನ ಫೋನು ಬಂತು. ಒಂದು ವಾಕ್ಯ ಹೇಳುವಷ್ಟರಲ್ಲಿ ಎರಡು ಸಲ ಕೆಮ್ಮಿದಳು. ಬೀದರಿನ ದೊಡ್ಡ ದವಾಖಾನೆಗೆ ಕರೆದೊಯ್ದು ಎದೆಯ ಫೋಟೊ ತೆಗೆಸಿದೆ, ರಕ್ತ ಪರೀಕ್ಷೆ ಮಾಡಿಸಿದೆ. ಗಾಬರಿಯಾಗುವಂಥದ್ದು ಏನೂ ಇಲ್ಲವೆಂದರು. ಆದರೆ ಬೆಳಿಗ್ಗೆ ಎದ್ದರೆ ಗಂಟಲ ತುಂಬ ಕಫ, ಮೈ ಭಾರ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಉಂಡ ಕೂಡಲೇ ನಿದ್ದೆ. ಇದನ್ನು ನಾನು ಪುಸ್ತಕದಲ್ಲಿ ಅಕ್ಷರಕ್ಕೆ ಅಕ್ಷರ ಓದಿದ್ದೆ. ಚಳಿಗಾಲದಲ್ಲಿ ಮೈಯೊಳಗೆ ಹೆಪ್ಪುಗಟ್ಟಿದ ಕಫ ವಸಂತದ ಬಿಸಿಲಿಗೆ ಕರಗಿ ಹೊಟ್ಟೆಯ ಬೆಂಕಿಯನ್ನು ಮಂದ ಮಾಡುತ್ತದೆ. ಅದಕ್ಕೆ ಈ ಋತುವಿನಲ್ಲಿ ಮೈಯನ್ನು ಬೇರೆ ರೀತಿ ನೋಡಿಕೊಳ್ಳಬೇಕು. ನನ್ನ ಬಳಿ ಎರಡು ವಾರ ಇರು, ನಿನ್ನ ಮೈ ಹಗುರ ಮಾಡಿ ಕಳಿಸುತ್ತೇನೆ ಎಂದು ಅವ್ವನನ್ನು ಔರಾದಿಗೆ ಕರೆತಂದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಂತೋಷವಾಗಿತ್ತು. ಇಷ್ಟು ವರ್ಷ ಅವಳು ನನ್ನನ್ನು ನೋಡಿಕೊಂಡಿದ್ದಳು. ಈಗ ನಾನು ಕಲಿತ ವಿದ್ಯೆ ಅವಳ ಮೈಮೇಲೆ ಕೆಲಸ ಮಾಡುವುದನ್ನು ನಾನು ನೋಡಬೇಕಾಗಿತ್ತು.

ಒಂದು ಹಾಳೆಯಲ್ಲಿ ಎಲ್ಲ ಬರೆದೆ. ಸೂರ್ಯ ಏಳುವ ಮುಂಚೆ ಏಳುವುದು. ಬಿಸಿನೀರಿನಿಂದ ಬಾಯಿ ಮುಕ್ಕಳಿಸುವುದು. ಒಣಶುಂಠಿ ಹಾಕಿ ಕಾಯಿಸಿದ ನೀರು. ಉಗುರುಬೆಚ್ಚಗಾದ ನೀರಿಗೆ ಒಂದು ಚಮಚ ಜೇನು, ಕುದಿಯುವ ನೀರಿಗೆ ಜೇನು ಹಾಕಲೇಬಾರದು. ಮೈ ಸ್ವಲ್ಪ ಬೆವರುವವರೆಗೆ ನಡಿಗೆ. ಜೋಳದ ರೊಟ್ಟಿ, ಹೆಸರುಬೇಳೆ ಕಟ್ಟು, ಮೆಂತ್ಯ, ಹಾಗಲಕಾಯಿ. ಮೊಸರು ಇಲ್ಲ, ಬೆಲ್ಲ ಇಲ್ಲ, ತುಪ್ಪ ಇಲ್ಲ, ಕಡಲೆಬೇಳೆ ಇಲ್ಲ, ಕರಿದದ್ದು ಇಲ್ಲ, ಮಧ್ಯಾಹ್ನದ ನಿದ್ದೆ ಇಲ್ಲ. ಹದಿನಾಲ್ಕು ದಿನ ಬೆಳಿಗ್ಗೆ ಒಣಪುಡಿ ತಿಕ್ಕಿಸಿಕೊಂಡು ಬಿಸಿನೀರ ಸ್ನಾನ. ಅವ್ವನಿಗೆ ಓದಲು ಬರುವುದಿಲ್ಲ. ನಾನೇ ಗಟ್ಟಿಯಾಗಿ ಓದಿದೆ. ಕೇಳಿ ಮುಗಿಸಿ, ಜೋಳದ ರೊಟ್ಟಿ, ಹೆಸರುಬೇಳೆ ಹೊರತು ಹುಟ್ಟಿದಾಗಿನಿಂದ ಮತ್ತೇನು ತಿಂದಿದ್ದೇನೆ ಎಂದಳು. ಹಾಳೆ ಮಡಚಿ ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು.

ಮೊದಲ ದಿನ ಹಿಂದಿನ ಖೋಲಿಯ ಮಂಚಕ್ಕೆ ಚಾಪೆ ಹಾಸಿ, ಹಿಟ್ಟು ಬೆಚ್ಚಗೆ ಮಾಡಿಟ್ಟು ಅವ್ವನನ್ನು ಕರೆದೆ. ಬಂದಳು, ಮಂಚದ ಮೇಲೆ ಕೂತಳು. ನಾನು ಕಾಲ ಬಳಿ ಕೂತು ಸೀರೆಯನ್ನು ಮೊಣಕಾಲವರೆಗೆ ಸರಿಸಲು ಹೋದದ್ದೇ ತಡ, ಎರಡೂ ಕೈಯಿಂದ ಸೀರೆ ಹಿಡಿದುಕೊಂಡಳು. ನಾಚಿಕೆ ಎಂದುಕೊಂಡೆ. ಎರಡನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನ ನಾನು ಸ್ವಲ್ಪ ಗದರಿದೆ, ಔಷಧಕ್ಕೆಲ್ಲ ನಾಚಿಕೊಂಡರೆ ಹೇಗೆ ಎಂದೆ. ಅವ್ವ ನನ್ನ ಕೈಯನ್ನು ಮೆಲ್ಲಗೆ ತನ್ನ ಕಾಲ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು.

"ನೀ ಬ್ಯಾಡ," ಎಂದಳು. "ನೀ ಹೊರಗ ಹೋಗಿ ನಿನ್ನ ಮಂದಿ ನೋಡು. ಮಾಳವ್ವ ತಿಕ್ಕಲಿ."

ಹದಿನಾಲ್ಕು ದಿನದ ಲೆಕ್ಕ ಅಂದಿನಿಂದ ಶುರುವಾಯಿತು. ಬೆಳಿಗ್ಗೆ ಚಿಂತಾಕಿಯಿಂದ ಟಂಟಂ ಆಟೋದಲ್ಲಿ ಬಂದಿಳಿದ ಮಾಳವ್ವ ಕಸ ಹೊಡೆದು, ನೀರು ಕಾಯಲಿಟ್ಟು, ಅವ್ವನನ್ನು ಕರೆದುಕೊಂಡು ಹಿಂದಿನ ಖೋಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮೊದಲೆರಡು ದಿನ ಒಳಗಿನಿಂದ ಪುಡಿ ತಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಮಾತು. ಅದರ ಮುಂದಿನ ದಿನ ನಗು. ನನ್ನ ಅವ್ವ ನಗುವವಳಲ್ಲ. ನಾನು ಡಾಕ್ಟರಾದೆನೆಂದು ಫೋನು ಮಾಡಿದ ದಿನವೂ, ಹೌದೇನು, ಉಂಡೆಯೇನು ಎಂದಷ್ಟೇ ಕೇಳಿದ್ದಳು. ಅಂಥವಳು ಒಳಗೆ ಹುಡುಗಿಯ ಹಾಗೆ ನಗುತ್ತಿದ್ದಳು. ಎದುರು ಕೂತ ರೋಗಿಯ ನಾಡಿ ಹಿಡಿದುಕೊಂಡು ನಾನು ಗೋಡೆಯ ಕಡೆ ಕಿವಿ ಕೊಟ್ಟು ಕೂತಿರುತ್ತಿದ್ದೆ. ಅವರು ಏನು ಹೇಳಿದರೆಂದು ಎರಡನೆಯ ಸಲ ಕೇಳಬೇಕಾಗುತ್ತಿತ್ತು.

ಎಂಟು ದಿನದಲ್ಲಿ ಅವ್ವನ ಮುಖ ಬದಲಾಯಿತು. ಕಣ್ಣ ಕೆಳಗಿನ ಬಾವು ಇಳಿಯಿತು. ಬೆಳಗಿನ ಕೆಮ್ಮು ಅರ್ಧಕ್ಕೆ ಬಂತು. ನಡಿಗೆಗೆ ಹೋದವಳು ಊರ ಹೊರಗಿನ ಮುತ್ತುಗದ ಗಿಡಗಳವರೆಗೆ ಹೋಗಿ ಬರುತ್ತಿದ್ದಳು. ಆಗ ಆ ಗಿಡಗಳಲ್ಲಿ ಒಂದು ಎಲೆಯೂ ಇರಲಿಲ್ಲ, ಕೊಂಬೆ ತುಂಬ ಕೆಂಪು ಹೂ. ಬೇವು ಚಿಗುರಿತ್ತು. ಕಡಲೆ ಕಿತ್ತ ಹೊಲಗಳು ಬರಿದಾಗಿ ಬಿಸಿಲು ನೆಲಕ್ಕೆ ಇಳಿಯುತ್ತಿತ್ತು. ವೈದ್ಯಳಾಗಿ ನನಗೆ ಹೆಮ್ಮೆಯಾಗಬೇಕಿತ್ತು. ಪಥ್ಯ ನನ್ನದು, ಪುಡಿ ನನ್ನದು, ತಿಕ್ಕುವ ಕ್ರಮ ನಾನು ಕಲಿಸಿದ್ದು. ಆದರೆ ಪಕ್ಕದ ಮನೆಯವರು, ಏನಮ್ಮ, ಮೈ ಹಗುರಾಗಿದೆಯಲ್ಲ ಎಂದರೆ ಅವ್ವ ಹೇಳುತ್ತಿದ್ದುದು ಒಂದೇ: ಮಾಳವ್ವನ ಕೈಗುಣ.

ನನ್ನ ಕಣ್ಣಿಗೆ ಮಾಳವ್ವನ ತಪ್ಪುಗಳು ಮಾತ್ರ ಕಾಣತೊಡಗಿದವು. ಅವಳು ಅವ್ವನನ್ನು ಅಕ್ಕ ಎನ್ನುತ್ತಿದ್ದಳು. ಅದು ನನಗೆ ಸಲಿಗೆ ಹೆಚ್ಚಾದಂತೆ ಕಂಡಿತು. ಅವ್ವನ ತಲೆ ಬಾಚುತ್ತಿದ್ದಳು. ನನ್ನ ಕೈಯಲ್ಲಿ ಒಮ್ಮೆಯೂ ಬಾಚಿಸಿಕೊಳ್ಳದ ತಲೆ ಅದು. ತಿಕ್ಕಿದ ಮೇಲೆ ಅವ್ವ ಸ್ನಾನ ಮಾಡಿ ಬಂದು ಚಹಾ ಮಾಡುತ್ತಿದ್ದಳು. ಮಾಳವ್ವ ಹಿಟ್ಟಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಗೆಯೇ ಬಟ್ಟಲು ಎತ್ತುತ್ತಿದ್ದಳು. ರೋಗಿಯ ಮೈ ಮುಟ್ಟಿದ ಕೈ ತೊಳೆಯದೆ ಏನನ್ನೂ ಬಾಯಿಗೆ ಇಡಬಾರದು ಎಂದು ನಾನು ಒಂದು ದಿನ ಅವ್ವನ ಎದುರಿಗೇ ಹೇಳಿದೆ. ಮಾಳವ್ವ ಎದ್ದು ತೊಳೆದುಕೊಂಡು ಬಂದಳು. ಅವ್ವ ನನ್ನನ್ನು ಒಂದು ನಿಮಿಷ ನೋಡಿದಳು. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಸರಿಯಾದ ಮಾತನ್ನು ನಾನು ಯಾಕೆ ಹೇಳಿದ್ದೆ ಎಂಬುದು ನನಗೆ ಗೊತ್ತಿತ್ತು.

ಹತ್ತನೆಯ ದಿನ ನಾನು ಬಾಗಿಲು ಬಡಿಯದೆ ಹಿಂದಿನ ಖೋಲಿಗೆ ನುಗ್ಗಿದೆ. ಪುಡಿಯ ಡಬ್ಬಿ ಬೇಕಾಗಿದೆ ಎಂಬ ನೆಪ. ಅವ್ವ ಬೋರಲು ಮಲಗಿದ್ದಳು, ಬೆನ್ನು ಬರಿದಾಗಿತ್ತು. ಹೊರೆ ಹೊತ್ತು ಹೊತ್ತು ಒರಟಾದ ಭುಜ, ಸೊಂಟದ ಬಳಿ ನಾನು ಎಂದೂ ನೋಡಿರದ ಹಳೆಯ ಸುಟ್ಟ ಗುರುತು. ಮಾಳವ್ವನ ಅಂಗೈ ಬೆನ್ನಿನ ನಡುವೆ ನಿಂತಿತ್ತು. ಅವ್ವ ಏನೋ ಹೇಳುತ್ತಿದ್ದವಳು ನನ್ನನ್ನು ನೋಡಿ ಸುಮ್ಮನಾದಳು. ಸೆರಗು ಎಳೆದು ಮೈಮೇಲೆ ಹೊದ್ದುಕೊಂಡಳು. ಹೊರಗಿನವರು ಬಂದಾಗ ಹೊದೆಯುವ ಹಾಗೆ. ನಾನು ಬೇಡದ ಡಬ್ಬಿಯೊಂದನ್ನು ಎತ್ತಿಕೊಂಡು ಹೊರಗೆ ಬಂದೆ. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಪಕ್ಕದಲ್ಲೇ ಕೂತು ಅವ್ವ ರೊಟ್ಟಿ ಮುರಿಯುತ್ತಿದ್ದಳು. ಆ ಕೈ, ಆ ಬೆನ್ನು ನನ್ನವಲ್ಲ, ಬೇರೆಯವಳ ವಶಕ್ಕೆ ಹೋಗಿವೆ ಎನಿಸಿತು. ಇಷ್ಟು ವಯಸ್ಸಾದ ಮೇಲೆ, ಇಷ್ಟು ಓದಿದ ಮೇಲೆ, ಒಬ್ಬ ಕೆಲಸದವಳ ಮೇಲೆ ಇಂಥ ಉರಿ ಬರುವುದೆಂದರೆ ಏನು ಎಂದು ನನಗೆ ನಾನೇ ಬೈದುಕೊಂಡೆ. ಬೈದುಕೊಂಡರೂ ಉರಿ ಕಡಿಮೆಯಾಗಲಿಲ್ಲ.

ಅದರ ಮರುದಿನ ಹೋಳಿ ಹುಣ್ಣಿಮೆ. ಬೆಳಿಗ್ಗೆ ಎಂದಿನಂತೆ ಮಾಳವ್ವ ಬಂದು ಅವ್ವನಿಗೆ ತಿಕ್ಕಿದಳು. ಹನ್ನೊಂದು ಗಂಟೆಯ ಹೊತ್ತಿಗೆ ನಾನು ಯಾವುದೋ ಔಷಧ ತರಲು ನಡುಮನೆಗೆ ಬಂದರೆ, ಅಡುಗೆಮನೆಯ ಹೊಸ್ತಿಲಲ್ಲಿ ಅವ್ವ ಕೂತಿದ್ದಳು. ತೊಡೆಯ ಮೇಲೆ ಬಿಚ್ಚಿದ ಬಟ್ಟೆಯ ಗಂಟು, ಬೆಳಿಗ್ಗೆ ಮಾಳವ್ವನ ಚೀಲದಲ್ಲಿ ಕಂಡದ್ದು, ಅದರಲ್ಲಿ ಹೋಳಿಗೆ, ಒಂದು ಸಣ್ಣ ಡಬ್ಬಿಯಲ್ಲಿ ತುಪ್ಪ. ಒಂದು ಆಗಲೇ ಮುಗಿದಿತ್ತು. ಇನ್ನೊಂದು ಕೈಯಲ್ಲಿತ್ತು. ಬೆಲ್ಲ, ಕಡಲೆಬೇಳೆ, ತುಪ್ಪ. ನಾನು ಬರೆದ ಹಾಳೆಯಲ್ಲಿ ಬೇಡವೆಂದದ್ದೆಲ್ಲ ಒಂದೇ ತಿನಿಸಿನಲ್ಲಿ.

ನೇರ ಮುಂದಿನ ಖೋಲಿಗೆ ಬಂದೆ. ಮಾಳವ್ವ ಅಲ್ಲಿ ಬೆಂಚು ಒರೆಸುತ್ತಿದ್ದಳು. ಐದಾರು ರೋಗಿಗಳು ಕೂತಿದ್ದರು. ಅವರೆಲ್ಲರ ಎದುರಿಗೇ, ನನ್ನ ಅವ್ವನ ಜೀವದ ಜೊತೆ ಆಟವಾಡುತ್ತೀಯಾ ಎಂದು ಕೇಳಿದೆ. ಅವಳು ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಿಂತಳು.

"ಅಕ್ಕ ಕೇಳಿದ್ಳು, ತಂದೇನಿ. ತಪ್ಪಾಯ್ತರಿ ಡಾಕ್ಟರಬಾಯಿ," ಎಂದಳು.

ಅಕ್ಕ ಎಂಬ ಆ ಶಬ್ದ ಕೇಳಿದ್ದೇ ನನ್ನ ಬಾಯಿಗೆ ಹಿಡಿತ ಉಳಿಯಲಿಲ್ಲ. "ನಿನ್ನ ಕೆಲಸ ಕಸ ಹೊಡಿಯೋದು," ಎಂದೆ. "ಕಸ ಹೊಡಿಯಾಕಿ ಕಸ ಹೊಡಿಯಾಕಿ ಹಂಗ ಇದ್ದಿದ್ರ ಇದೆಲ್ಲ ಆಗ್ತಿದ್ದಿಲ್ಲ. ನಾಳಿಂದ ಬರಬ್ಯಾಡ."

ಮಾಳವ್ವ ಬಟ್ಟೆಯನ್ನು ಹಿಂಡಿ, ಕಿಟಕಿಯ ಸರಳಿಗೆ ಒಣಹಾಕಿ, ತನ್ನ ಚೀಲ ತೆಗೆದುಕೊಂಡು ಹೋದಳು. ನಡುಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಎಲ್ಲ ಕೇಳಿದ್ದಳು. ಮಧ್ಯಾಹ್ನ ನಾನು ಹಿಂದಿರುಗಿ ಒಳಗೆ ಬರುವ ಹೊತ್ತಿಗೆ ಅವಳ ಸೀರೆಗಳು ಮಡಚಿ ಚೀಲಕ್ಕೆ ಹೋಗಿದ್ದವು. ಇನ್ನೂ ಮೂರು ದಿನ ಉಳಿದಿದೆ, ನಾನೇ ತಿಕ್ಕುತ್ತೇನೆ, ಅರ್ಧಕ್ಕೆ ಬಿಟ್ಟರೆ ಮತ್ತೆ ಕಫ ಕಟ್ಟುತ್ತದೆ ಎಂದೆಲ್ಲ ಹೇಳಿದೆ. ಅವ್ವ ಸಂಚಿಯಿಂದ ನನ್ನ ಹಾಳೆ ತೆಗೆದು ನನ್ನ ಮೇಜಿನ ಮೇಲಿಟ್ಟಳು. "ಹದಿನಾಲ್ಕು ದಿನ ಅಂದಿದ್ದಿ. ಹನ್ನೊಂದು ಆಗ್ಯಾವ. ಸಾಕು," ಎಂದು ಭಾಲ್ಕಿ ಬಸ್ಸು ಹತ್ತಿದಳು.

ನಂತರದ ಹತ್ತು ದಿನ ನಾನು ಗೆದ್ದವಳ ಹಾಗೆ ಇರಲು ನೋಡಿದೆ. ಕಸ ನಾನೇ ಹೊಡೆದೆ. ಪುಡಿ ತಿಕ್ಕಿಸಿಕೊಳ್ಳಲು ಬಂದ ಹೆಣ್ಣುಮಕ್ಕಳು ಮಾಳವ್ವ ಇಲ್ಲವೇ ಎಂದು ಕೇಳಿ, ಆಮೇಲೆ ಬರುತ್ತೇವೆಂದು ಹೋದರು. ಅವ್ವ ಫೋನು ಎತ್ತಲಿಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗಿ ಎತ್ತಿ, ದೊಡ್ಡಮ್ಮನಿಗೆ ಮತ್ತೆ ಕೆಮ್ಮು ಹೆಚ್ಚಾಗಿದೆ ಅಕ್ಕ, ರಾತ್ರಿ ಮಲಗಲು ಆಗುತ್ತಿಲ್ಲ ಎಂದಳು. ದವಾಖಾನೆಗೆ ಬೀಗ ಹಾಕಿ ಭಾತಂಬ್ರಾಕ್ಕೆ ಹೋದೆ.

ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಒಂದೆರಡು ಸಲ ಆಡಿಸುವುದು, ಕೆಮ್ಮುವುದು, ಮತ್ತೆ ಆಡಿಸುವುದು. ನಾನು ಬಂದದ್ದನ್ನು ನೋಡಿ, ನೀರು ಕುಡಿ ಎಂದಳು. ನೀರು ಕುಡಿದು ಎದುರು ಕೂತೆ. ಇಷ್ಟು ದಿನ ಹೇಗೆ ಕೇಳಬೇಕೆಂದು ಯೋಚಿಸಿದ್ದೆಲ್ಲ ಮರೆತುಹೋಯಿತು.

"ಅವ್ವ, ನಾ ಓದಿದ್ದು ಇದನ್ನ," ಎಂದೆ. "ಊರ ಮಂದಿ ಎಲ್ಲಾ ನನ್ನ ಕಡಿ ಮೈ ತೋರಿಸ್ತಾರ. ನೀ ಒಬ್ಬಾಕಿ ನನಗ ಮುಟ್ಟಗೊಡಲಿಲ್ಲ. ಅಕಿ ಕೈಯಾಗ ಏನದ? ನನ್ನ ಕೈಯಾಗ ಏನಿಲ್ಲ?"

ಅವ್ವ ಮೊರ ಕೆಳಗಿಟ್ಟಳು. ವಿಹಾರದ ಕಡೆಗೆ ತಿರುಗಿ ಕೂತಳು. ಆಮೇಲೆ ನನಗೆ ಗೊತ್ತಿರದ ಒಂದು ವಿಷಯ ಹೇಳಿದಳು. ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದ ಅಪ್ಪ ಸಾಯುವವರೆಗೂ ಅವಳು ಊರಿನ ದೊಡ್ಡ ಮನೆಯೊಂದರ ಬಾಣಂತಿಯರಿಗೆ ಎಣ್ಣೆ, ಹಿಟ್ಟು ತಿಕ್ಕುವ ಕೆಲಸ ಮಾಡುತ್ತಿದ್ದಳಂತೆ. ಅವಳ ಅತ್ತೆ ಮಾಡುತ್ತಿದ್ದರು, ಅವರ ನಂತರ ಇವಳು. ಸೊಂಟದ ಗುರುತು ಅಲ್ಲಿ ನೀರ ಹಂಡೆ ಇಳಿಸುವಾಗ ಸುಟ್ಟದ್ದು. ಸಾಲೆಯಲ್ಲಿ ಯಾರಾದರೂ ನನಗೆ ಏನಾದರೂ ಅಂದಾರೆಂದು ನನ್ನ ಕಿವಿಗೆ ಬೀಳದ ಹಾಗೆ ನೋಡಿಕೊಂಡಿದ್ದಳು.

"ತಿಕ್ಕೂತನಕ ನನ್ನ ಕೈ ಬೇಕು," ಎಂದಳು. "ತಿಕ್ಕಿದ ಮ್ಯಾಲ ನಾ ಮುಟ್ಟಿದ್ದು ಹೋಗ್ಲಿ ಅಂತ ಮತ್ತ ಎರಡು ಕೊಡ ನೀರು ಹಾಕ್ಕೊತಿದ್ರು. ನನ್ನ ಎದುರಿಗೇ. ನಾ ಅಂಗಳದಾಗ ಕುಂತು ನೋಡ್ತಿದ್ದೆ. ಚಾ ಕೊಟ್ರ ಮ್ಯಾಲಿಂದ ಹೊಯ್ದು ಕೊಡ್ತಿದ್ರು."

ನಾನು ಏನೋ ಹೇಳಲು ಹೋದೆ. ಅವ್ವ ಕೈ ಎತ್ತಿ ತಡೆದಳು.

"ನೀ ನನ್ನ ಮಗಳು. ನೀ ಮುಟ್ಟಿದ್ರ ಅದರಾಗ ಏನದ? ನಾಯಿ ಮರಿ ಸುದ್ದಾ ತನ್ನ ತಾಯಿನ ಮುಟ್ತದ. ಮಾಳವ್ವ ಬ್ಯಾರೆ ಜಾತಿ ಹೆಣ್ಮಗಳು. ಅಕಿಗೆ ನಾವು ಯಾರು ಅಂಬೋದು ಗೊತ್ತದ. ನನ್ನ ಕಾಲಿಂದ ನೆತ್ತಿತನಕ ತಿಕ್ಕಿ, ಕೈ ಸುದ್ದಾ ತೊಳ್ಕೊಳ್ಳಲಾರದ ನನ್ನ ಕೂಡ ಕುಂತು ಚಾ ಕುಡದಳು. ನನ್ನ ಮೈ ಹಗುರಾಗಿದ್ದು ಅದಕ್ಕ. ನಿನ್ನ ಹುಳ್ಳಿ ಹಿಟ್ಟಿಗೆ ಅಲ್ಲ."

ಇನ್ನೊಂದು ಮಾತು ಹೇಳಿದಳು. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. "ಅಕಿಗಿ ನೀ ಕಸ ಹೊಡಿಯಾಕಿ ಅಂದಿ ನೋಡು, ಆವಾಗ ನನಗ ಆ ಅಂಗಳ ನೆಪ್ಪಿಗಿ ಬಂತು."

ಅಂಗಳದಲ್ಲಿ ಬಿಸಿಲು ಏರಿತ್ತು. ಅವ್ವ ಮತ್ತೆ ಮೊರ ಎತ್ತಿಕೊಂಡಳು. ನಾನು ಎದ್ದು ಒಳಗೆ ಹೋಗಿ ಒಣಶುಂಠಿ ಕುಟ್ಟಿ ನೀರು ಕಾಯಿಸಿ ತಂದುಕೊಟ್ಟೆ. ಕುಡಿದಳು. ಅವಳ ಲೋಟ ಖಾಲಿಯಾಗುವವರೆಗೆ ಕಾದು, ಬಸ್ಸಿಗೆ ಹೊರಟೆ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ.

ಚಿಂತಾಕಿಗೆ ತಲುಪಿದಾಗ ಸಂಜೆಯಾಗುತ್ತಿತ್ತು. ಮಾಳವ್ವನ ಮನೆ ಊರ ಅಂಚಿನಲ್ಲಿ, ಕುರಿಹಟ್ಟಿಯ ಪಕ್ಕದಲ್ಲಿತ್ತು. ದೊಡ್ಡ ಕುರಿಗಳು ಮೇಯಲು ಹೋಗಿದ್ದವು, ಮರಿಗಳು ಮಾತ್ರ ಬುಟ್ಟಿಯಡಿಯಿಂದ ಕೂಗುತ್ತಿದ್ದವು. ಅವಳು ಬಾಗಿಲ ಮುಂದೆ ಕೂತು ಉಣ್ಣೆ ಹಿಂಜುತ್ತಿದ್ದಳು. ನನ್ನನ್ನು ನೋಡಿ ಎದ್ದು ಕಂಬಳಿ ಹಾಸಿದಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ, ನನ್ನದು ತಪ್ಪಾಯಿತು, ಅಷ್ಟು ಜನರ ಎದುರಿಗೆ ಹಾಗೆ ಅನ್ನಬಾರದಿತ್ತು. ಅವಳು ಕೈಯಲ್ಲಿದ್ದ ಉಣ್ಣೆಯ ಉಂಡೆಯನ್ನು ನೋಡುತ್ತ ನಿಂತಳು.

"ಹೋಳಗಿ ತಂದಿದ್ದು ನನ್ನದೂ ತಪ್ಪದರಿ," ಎಂದಳು. "ಒಂದು ಕೇಳ್ತೇನಿ, ಖರೇ ಹೇಳ್ರಿ. ನಿಮಗ ಹೋಳಗಿ ಸಲುವಾಗಿ ಸಿಟ್ಟು ಬಂದಿತ್ತೇನ್ರಿ?"

ಸುಳ್ಳು ಹೇಳಬಹುದಿತ್ತು. ಇಲ್ಲ ಎಂದೆ.

"ನನಗ ಗೊತ್ತಿತ್ತರಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ತಾನೇ ಹೇಳಿದಳು. "ದವಾಖಾನಿಗೆ ಬರಂಗಿಲ್ಲರಿ. ಅಕ್ಕಂದು ಮೂರು ದಿನ ಉಳದಾವ. ಅಲ್ಲೇ ಅಕ್ಕನ ಊರಿಗಿ ಬಂದು ತಿಕ್ತೇನಿ."

ಆ ಮಾತನ್ನು ಅವಳು ಇಂದಿಗೂ ಮುರಿದಿಲ್ಲ. ಆಮೇಲೆ ಎಷ್ಟೋ ವಸಂತಗಳಲ್ಲಿ ಭಾತಂಬ್ರಾಕ್ಕೆ ಬಂದಿದ್ದಾಳೆ, ಅವ್ವನ ಜೊತೆ ಇದ್ದು ಹೋಗಿದ್ದಾಳೆ. ಔರಾದಿನಲ್ಲಿ ನಾನು ದವಾಖಾನೆ ಇಟ್ಟುಕೊಂಡಷ್ಟು ದಿನವೂ ಅದರ ಮೆಟ್ಟಿಲು ಹತ್ತಲಿಲ್ಲ. ಅವಳಷ್ಟು ಚೆನ್ನಾಗಿ ತಿಕ್ಕುವವರು ನನಗೆ ಮತ್ತೆ ಸಿಗಲಿಲ್ಲ.

ಯುಗಾದಿಗೆ ಇನ್ನೂ ನಾಲ್ಕು ದಿನವಿತ್ತು. ಮಾಳವ್ವ ಒಂದು ಕೈಚೀಲ ಹಿಡಿದು ಭಾತಂಬ್ರಾದಲ್ಲಿ ಬಸ್ಸಿಳಿದಾಗ ಅವ್ವ ವಿಹಾರದ ಕಟ್ಟೆಯವರೆಗೆ ಎದುರು ಹೋದಳು. ಇಬ್ಬರೂ ಹೋಳಿಯ ದಿನದ ಬಗ್ಗೆ ಏನೂ ಮಾತಾಡಲಿಲ್ಲ, ಯಾರ ಕುರಿ ಎಷ್ಟು ಮರಿ ಹಾಕಿತು ಎಂದು ಮಾತಾಡಿದರು. ಆ ಮೂರು ದಿನ ನನ್ನ ಕೆಲಸ ಬೇರೆಯೇ ಇತ್ತು. ಹಿಟ್ಟು ಹುರಿದು ಸೋಸುವುದು, ಒಲೆಗೆ ಉರಿ ಹಾಕುವುದು, ಹಂಡೆಯಿಂದ ಬಿಸಿನೀರು ತೋಡಿ ಬಚ್ಚಲಿಗೆ ಒಯ್ಯುವುದು, ಹೆಸರುಬೇಳೆ ಬೇಯಿಸುವುದು. ಅವ್ವನ ಕೆಮ್ಮು ಎರಡನೆಯ ದಿನಕ್ಕೇ ಸಡಿಲಾಯಿತು. ನನಗೆ ಎಲ್ಲ ತಿಳಿದ ಮೇಲೆ ಹೊಟ್ಟೆಕಿಚ್ಚು ಹೋಗಿರಬೇಕೆಂದು ಓದುವವರು ಅಂದುಕೊಳ್ಳಬಹುದು. ಹೋಗಿರಲಿಲ್ಲ. ತಿಳಿಯುವುದು ಒಂದು, ಹೋಗುವುದು ಇನ್ನೊಂದು. ನೀರ ಕೊಡ ಬಾಗಿಲಲ್ಲಿಟ್ಟು ತಿರುಗುವಾಗ ಅವ್ವ ತನ್ನ ಹಳೆಯ ಕಥೆಗಳನ್ನು ಮಾಳವ್ವನಿಗೆ ಹೇಳುವುದು ಕೇಳಿಸುತ್ತಿತ್ತು. ಅಂಗಳದ ಮಾತಾದ ಮೇಲೆ ಅವಳು ನನಗೆ ಮತ್ತೇನೂ ಹೇಳಿರಲಿಲ್ಲ.

ಮೂರನೆಯ ದಿನ ಅವ್ವ ಸ್ನಾನ ಮುಗಿಸಿ, ಒದ್ದೆ ಕೂದಲು ಬೆನ್ನ ಮೇಲೆ ಹರಡಿಕೊಂಡು ಹೊರಗೆ ಬಂದಳು. ಮುಖ ತಿಳಿಯಾಗಿತ್ತು. ಬುಟ್ಟಿಯಲ್ಲಿ ಎರಡು ಹಿಡಿ ಹಿಟ್ಟು ಉಳಿದಿತ್ತು. ಅದನ್ನು ನೋಡಿ ಮಾಳವ್ವನಿಗೆ, ಇವಳಿಗೂ ತಿಕ್ಕು ಎಂದಳು, ಇವಳ ಮೈ ನನಗಿಂತ ಬಿಗಿದುಕೊಂಡಿದೆ ಎಂದಳು. ನಾನು ಬೇಡವೆಂದೆ. ನನಗೇನೂ ಆಗಿಲ್ಲ, ಬಸ್ಸಿಗೆ ಹೊತ್ತಾಗುತ್ತದೆ ಎಂದೆ. ಮಾಳವ್ವ ಚಾಪೆಯನ್ನು ಕೊಡವಿ ಮತ್ತೆ ಹಾಸಿದಳು.

ಎಷ್ಟೋ ಹೆಂಗಸರನ್ನು ಹಾಗೆ ಮಲಗಿಸಿದ್ದೇನೆ. ನಾನು ಮಾತ್ರ ಎಂದೂ ಮಲಗಿರಲಿಲ್ಲ. ಬೋರಲು ಮಲಗಿ ಕೆನ್ನೆಯನ್ನು ಚಾಪೆಗೆ ಇಟ್ಟೆ. ಕಾಲ ಹಿಮ್ಮಡಿಯ ಬಳಿ ಮೊದಲು ಬೆಚ್ಚಗಿನ ಹಿಟ್ಟು ಬಿತ್ತು, ಆಮೇಲೆ ಅವಳ ಅಂಗೈ. ಮೀನಖಂಡದಿಂದ ತೊಡೆಗೆ, ಸೊಂಟದಿಂದ ಭುಜಕ್ಕೆ, ನಾನು ಕಲಿಸಿದ ದಿಕ್ಕೇ ಅದು. ಆದರೆ ಕೈ ನಾನು ಕಲಿಸಿದ್ದಾಗಿರಲಿಲ್ಲ. ಅದಕ್ಕೆ ಅವಸರವಿರಲಿಲ್ಲ. ಎಲ್ಲಿ ಗಂಟಿದೆಯೋ ಅಲ್ಲಿ ತಾನಾಗಿ ನಿಲ್ಲುತ್ತಿತ್ತು, ಒಳಗಿನದು ಸಡಿಲವಾಗುವವರೆಗೆ ಕಾಯುತ್ತಿತ್ತು, ಆಮೇಲೆ ಮುಂದೆ ಹೋಗುತ್ತಿತ್ತು. ಎಡ ಭುಜದ ಹಿಂದೆ ಆ ಕೈ ತುಂಬ ಹೊತ್ತು ನಿಂತಿತು. ಐದಾರು ರೋಗಿಗಳ ಎದುರಿಗೆ ನಾನು ಹೊರದಬ್ಬಿದ ಹೆಂಗಸು ಅವಳು. ಆ ಕೈಯಲ್ಲಿ ಅದರ ಸುಳಿವು ಎಲ್ಲಾದರೂ ಇದೆಯೇ ಎಂದು ಹುಡುಕಿದೆ, ಒತ್ತಡದಲ್ಲಿ, ವೇಗದಲ್ಲಿ. ಸಿಗಲಿಲ್ಲ. ನನ್ನ ಕಣ್ಣು ತುಂಬಿ ಚಾಪೆ ಒದ್ದೆಯಾಯಿತು. ಅವಳು ನೋಡಿರಬೇಕು, ಆದರೆ ಕೈ ನಿಲ್ಲಿಸಲಿಲ್ಲ.

ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಹೊರಗೆ ಅವ್ವ ಒಲೆಯ ಮುಂದೆ ಕೂತಿದ್ದಳು. ಎರಡು ಸಲ ಬಾಗಿಲ ಬಳಿ ಬಂದು ಹೋದಳು. ಮೂರನೆಯ ಸಲ ಒಳಗೇ ಬಂದಳು. ಗೋಡೆಗೆ ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ, ಮೊಣಕಾಲನ್ನು ತಾನೇ ಒಮ್ಮೆ ನೀವಿಕೊಂಡಳು.

"ಎಷ್ಟೊತ್ತ ಅಕಿಗೇ ತಿಕ್ಕೋತ ಕುಂದ್ರತಿ ಮಾಳವ್ವ," ಎಂದಳು. "ನನ್ನ ಎಡಗಡಿ ಮೊಣಕಾಲು ಇವತ್ತ ನೀ ಸರಿ ತಿಕ್ಕೇ ಇಲ್ಲ ನೋಡು."

ಆ ದನಿಯ ಉರಿ ನನಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ತೆರೆಯದೆ, ಮಾಳವ್ವ ಇನ್ನೂ ಸ್ವಲ್ಪ ಹೊತ್ತು ಏಳದಿರಲಿ ಎಂದುಕೊಂಡೆ.